ಗೆಣ್ಣಿಗೊಂದು ಬೇರು

ಮನೆ ಕೊಳ್ಳಲು ಹೋದವರು ಏನೇನು ನೋಡಬೇಕೋ ಅದ್ಯಾವುದನ್ನೂ ನಾವು ನೋಡಲಿಲ್ಲ. ಗೋಡೆ ತಟ್ಟಲಿಲ್ಲ. ನಲ್ಲಿ ತಿರುಗಿಸಲಿಲ್ಲ. ಮಳೆ ಬಂದರೆ ತಾರಸಿ ಸೋರುತ್ತಾ ಅಂತ ಕೇಳಲಿಲ್ಲ. ಗೇಟು ತೆಗೆದ ಕೂಡಲೇ ಕಾಂಪೌಂಡಿನೊಳಗೆ ಅಷ್ಟಗಲ ಹಸಿರು, ಅದರ ತುಂಬ ಹಳದಿ ಹೂವು. ಯಾರೋ ಅರಿಶಿನ ಎರಚಿ ಹೋದ ಹಾಗಿತ್ತು. ನಾನು ಅಲ್ಲೇ ನಿಂತುಬಿಟ್ಟೆ. ಬ್ರೋಕರ್ ಜಾಣ, ಒಳಗೆ ಕರೆದುಕೊಂಡು ಹೋಗುವ ಅವಸರವನ್ನೇ ಮಾಡಲಿಲ್ಲ. "ನೀರು ಹಾಕೋದೇ ಬೇಡ ಮೇಡಂ, ಅದರ ಪಾಡಿಗೆ ಬೆಳ್ಕೊಳ್ಳುತ್ತೆ" ಎಂದ.

ಆ ವ್ಯವಹಾರದಲ್ಲಿ ಅವನು ಆಡಿದ ಅಪ್ಪಟ ನಿಜ ಅದೊಂದೇ.

ಮೈಸೂರಿನ ಅಂಚಿನ ಬಡಾವಣೆ, 40-60ರ ಸೈಟು, ಹದಿನೈದು ವರ್ಷ ಹಳೆಯ ಮನೆ. ಯುಗಾದಿ ಕಳೆದ ಮೇಲೆ ಹಾಲು ಉಕ್ಕಿಸಿ ಒಳಗೆ ಬಂದೆವು. ಮೊದಲ ವಾರವೇ ಅತ್ತೆ ಆ ಹಸಿರಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು ಒಂದೆಲೆ ಕಿತ್ತು, ಉಜ್ಜಿ, ಮೂಸಿ ನೋಡಿದರು. "ಇದು ಗರುಗದ ಸೊಪ್ಪಲ್ವೇನೇ? ಹಳದಿ ಹೂವಿಂದು. ನಮ್ಮೂರಲ್ಲಿ ಗದ್ದೆ ಬದುವಿನಲ್ಲಿ ಹುಡುಕ್ಕೊಂಡು ಹೋಗ್ಬೇಕಿತ್ತು. ಇಲ್ಲಿ ನೋಡು, ಬಾಗಿಲಲ್ಲೇ ಬಿದ್ದಿದೆ!" ಆ ಸಂಜೆಯೇ ಕೊಬ್ಬರಿ ಎಣ್ಣೆಗೆ ಸೊಪ್ಪು ಅರೆದು ಹಾಕಿ ಕಾಯಿಸಿದ್ದಾಯಿತು. ಮನೆಯೆಲ್ಲ ಹಸಿ ಸೊಪ್ಪಿನ ವಾಸನೆ. ಎಣ್ಣೆಯ ಬಣ್ಣವಂತೂ ನಂಬುವ ಹಾಗೇ ಇತ್ತು, ಕಡು ಹಸಿರು. ಒಂದು ತಿಂಗಳು ತಲೆಗೆ ಹಚ್ಚಿಕೊಂಡೆ. ಕೂದಲು ಬೆಳೆಯಲೂ ಇಲ್ಲ, ಉದುರುವುದನ್ನು ಬಿಡಲೂ ಇಲ್ಲ.

ಪಕ್ಕದ ಮನೆಯಲ್ಲಿ ಒಬ್ಬರು ಮೇಷ್ಟ್ರಿದ್ದಾರೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ನಾನು ಸೊಪ್ಪು ಬಿಡಿಸುತ್ತಿದ್ದುದನ್ನು ಕಾಂಪೌಂಡಿನ ಮೇಲಿಂದ ಎಷ್ಟು ದಿನ ನೋಡಿದ್ದರೋ ಏನೋ, ಒಂದು ಬೆಳಿಗ್ಗೆ ತಡೆಯಲಾರದೆ ಬಾಯಿ ಬಿಟ್ಟರು. "ತಪ್ಪು ತಿಳ್ಕೋಬೇಡಮ್ಮ. ಅದು ಗರುಗ ಅಲ್ಲ. ಗರುಗದ ದಾಯಾದಿ."

ಎಲೆಯನ್ನು ತೋರುಬೆರಳ ಮೇಲೆ ಹರಡಿ ತೋರಿಸಿದರು. ದಪ್ಪ, ಎಣ್ಣೆ ಸವರಿದ ಹೊಳಪು. ನಡುವೆ ಉದ್ದನೆಯದೊಂದು ತುದಿ, ಅಕ್ಕಪಕ್ಕ ಎರಡು ಚಿಕ್ಕ ಕಿವಿ. ಹೀಗೆ ಮೂರು ಹಾಲೆ ಇರುವುದರಿಂದಲೇ ಅದಕ್ಕೆ ಟ್ರೈಲೋಬೇಟಾ ಎಂಬ ಹೆಸರು. ನರ್ಸರಿಯವರು ವೆಡೀಲಿಯಾ ಎನ್ನುತ್ತಾರೆ. ಸಿಂಗಾಪುರ್ ಡೈಸಿ ಎಂದೂ ಕರೆಯುತ್ತಾರೆ, ಆದರೆ ಅದರ ತವರು ಸಿಂಗಾಪುರ ಅಲ್ಲ. ಮಧ್ಯ ಅಮೆರಿಕ, ಕೆರಿಬಿಯನ್ ಕಡೆಯದು. ನೆಲ ಮುಚ್ಚಲಿ, ಚೆಂದ ಕಾಣಲಿ ಅಂತ ಬಿಸಿ ಸೀಮೆಯ ಊರೂರಿಗೆ ಜನರೇ ಒಯ್ದು ನೆಟ್ಟರು. ಅತ್ತೆಯ ಹಳದಿ ಗರುಗ ಬೇರೆ. ಅದು ನಮ್ಮ ನೆಲದ್ದೇ, ಎಲೆ ಕಿರಿದು, ಕಿವಿಯಿಲ್ಲ. ಮೇಷ್ಟ್ರು ಇನ್ನೊಂದು ಮಾತನ್ನೂ ಸೇರಿಸಿದರು. ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳು ಅಂತ ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಒಂದು ಪಟ್ಟಿ ಮಾಡಿದೆ. ಅದರಲ್ಲಿ ನಮ್ಮ ಅಂಗಳದ ಹೂವಿದೆ.

ಒಳಗೆ ಬಂದು ವಿಷಯ ಹೇಳಿದೆ. ಅತ್ತೆ ಎಣ್ಣೆ ಬಾಟಲಿಯತ್ತ ಒಮ್ಮೆ ನೋಡಿದರು. "ಕೊಬ್ಬರಿ ಎಣ್ಣೆ ಅಂತೂ ಒಳ್ಳೇದೇ ತಾನೇ" ಎಂದರು.

ಜೂನಿನಲ್ಲಿ ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಮಾಲಿಯನ್ನು ಕರೆಸಿದೆವು. ಮಂಡ್ಯದ ಕಡೆಯವನು, ಗುದ್ದಲಿ ಹಿಡಿದರೆ ಗಡಿಯಾರ ನೋಡುವವನಲ್ಲ. ಅರ್ಧ ದಿನದಲ್ಲಿ ಚಾಪೆ ಸುತ್ತಿದ ಹಾಗೆ ಸುತ್ತಿಬಿಟ್ಟ. ಕೆಳಗೆ ಏನೇನಿತ್ತು! ಓರೆಯಾಗಿ ನೆಟ್ಟ ಇಟ್ಟಿಗೆ ಸಾಲು, ಒಣಗಿದ ಎರಡು ಗುಲಾಬಿ ಬುಡ, ಒಂದು ಪ್ಲಾಸ್ಟಿಕ್ ಚೆಂಡು, ನೀರಿನ ಮೀಟರು. ಮೀಟರ್ ಎಲ್ಲಿದೆ ಅಂತ ಮೂರು ತಿಂಗಳಿಂದ ಎಲ್ಲರನ್ನೂ ಕೇಳುತ್ತಿದ್ದೆವು. ಹಳೆಯ ಮಾಲೀಕರು ಫೋನಿನಲ್ಲಿ "ಅಲ್ಲೇ ಎಲ್ಲೋ ಇದೆ ನೋಡಿ" ಅಂದಿದ್ದರು. ಪಾಪ, ಅವರಿಗೂ ಗೊತ್ತಿರಲಿಲ್ಲ ಅಂತ ಈಗ ಅರ್ಥವಾಯಿತು. ಆ ಗುಲಾಬಿಯ ನಡುವೆ ಒಂದಿಷ್ಟು ಬಣ್ಣ ಇರಲಿ ಅಂತ ನಾಲ್ಕು ಕಡ್ಡಿ ತಂದು ಊರಿದ್ದರೇನೋ. ಗುಲಾಬಿ ಹೋಯಿತು, ಬಣ್ಣ ಉಳಿಯಿತು.

ಕಿತ್ತ ರಾಶಿಯನ್ನು ಮಾಲಿ ಪಕ್ಕದ ಖಾಲಿ ಸೈಟಿಗೆ ಎಸೆದ. ನಾನೇ ಹೇಳಿದ್ದು, ಅವನ ತಪ್ಪಲ್ಲ. ಖಾಲಿ ಸೈಟು ಇರುವುದೇ ಅದಕ್ಕೆ ಅಲ್ವಾ, ಬಡಾವಣೆಯವರೆಲ್ಲ ಹಾಗೇ ತಿಳಿದಿದ್ದೇವೆ. ಎರಡು ವಾರ ಜಿಟಿಜಿಟಿ ಮಳೆ. ಆಮೇಲೆ ನೋಡಿದರೆ ಆ ರಾಶಿ ಒಣಗುವುದಿರಲಿ, ನಾಲ್ಕೂ ಕಡೆ ಕಾಲು ಚಾಚಿ ಕೂತಿತ್ತು. ನಮ್ಮ ಅಂಗಳದಲ್ಲೂ ಅಲ್ಲಲ್ಲಿ ಎರಡೆರಡು ಎಲೆ ಕೈಮುಗಿದ ಹಾಗೆ ಎದ್ದಿದ್ದವು. ಮಾಲಿಗೆ ತೋರಿಸಿದೆ. ಅವನು ಮಣ್ಣಿನಿಂದ ಬೆರಳುದ್ದದ ಒಂದು ತುಂಡು ಎತ್ತಿ ತಿರುಗಿಸಿದ. ಕೆಂಪು ಛಾಯೆಯ ಕಾಂಡ, ನಡುವೆ ಒಂದು ಗೆಣ್ಣು, ಗೆಣ್ಣಿನಿಂದ ಬಿಳಿ ಬೇರು ದಾರದ ಎಳೆಯಂತೆ ಇಳಿದಿತ್ತು.

"ಕಬ್ಬು ಕಣಕ್ಕ ಇದು. ಗೆಣ್ಣಿಗೊಂದು ಬೇರು. ನಾವು ಕಿತ್ತಿಲ್ಲ, ತುಂಡು ಮಾಡಿ ನಾಟಿ ಮಾಡಿದ್ವಿ."

ಸಂಬಳ ಕೊಟ್ಟು ನಾಟಿ ಮಾಡಿಸಿದ್ದೆ! ಬೀಜದಿಂದ ಈ ಗಿಡ ಹುಟ್ಟುವುದು ಕಡಿಮೆಯಂತೆ. ಅದಕ್ಕೆ ಬೀಜದ ಹಂಗೇ ಇಲ್ಲ. ಗುದ್ದಲಿ ಇದೆ, ಮಾಲಿ ಇದ್ದಾನೆ, ನನ್ನಂಥ ಯಜಮಾನಿ ಇದ್ದಾಳೆ.

ಅಲ್ಲಿಂದ ಈ ಕಳೆಗಳ ಜಾತಕ ಹುಡುಕುವ ಚಟ ಹತ್ತಿತು. ಕಾಂಗ್ರೆಸ್ ಗಿಡದ ಕತೆ ಎಲ್ಲರಿಗೂ ಗೊತ್ತು. 1950ರ ದಶಕದಲ್ಲಿ ಪುಣೆಯ ಬಳಿ ಕಣ್ಣಿಗೆ ಬಿತ್ತು, ಅಮೆರಿಕದ ಗೋಧಿಯ ಜೊತೆ ಬಂತು ಎನ್ನುತ್ತಾರೆ. ಅದನ್ನು ತಿನ್ನಲಿ ಅಂತ ಮೆಕ್ಸಿಕೊದಿಂದ ಒಂದು ದುಂಬಿ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಅದರ ಎಲೆ ಜರಡಿಯಾಗಿದ್ದರೆ ಅದು ಆ ದುಂಬಿಯ ಊಟ. ಆದರೆ ಕಾಂಗ್ರೆಸ್ ಗಿಡ ಕರೆಯದೆ ಬಂದದ್ದು, ನುಸುಳಿ ಬಂದದ್ದು. ಉಳಿದವು ಹಾಗಲ್ಲ. ಬಂಡೀಪುರದ ಕಾಡನ್ನೇ ನುಂಗಿರುವ ಲಂಟಾನ ಇದೆಯಲ್ಲ, ಅದನ್ನು 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ತೋಟಕ್ಕೆ ತಂದದ್ದು ಹೂವಿನ ಚೆಂದಕ್ಕೆ. ಚಿಕ್ಕವರಿದ್ದಾಗ ಅದರ ಕಪ್ಪು ಹಣ್ಣು ತಿಂದು ನಾಲಿಗೆ ತೋರಿಸಿಕೊಳ್ಳುತ್ತಿದ್ದೆವು. ಈಗ ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಅದರ ಕಡ್ಡಿ ಬೇಯಿಸಿ ಸಿಪ್ಪೆ ತೆಗೆದು ಕುರ್ಚಿ ಮಾಡುತ್ತಾರೆ, ಆಳೆತ್ತರದ ಆನೆ ಮಾಡುತ್ತಾರೆ. ಕೆರೆಗಳನ್ನು ಮುಚ್ಚಿರುವ ವಾಟರ್ ಹಯಸಿಂತ್ ಬಂದದ್ದೂ ಅದರ ನೇರಳೆ ಹೂವಿಗೆ ಮರುಳಾದವರಿಂದಲೇ. ಯಾವುದೂ ಬೇಲಿ ಹಾರಿ ಬಂದದ್ದಲ್ಲ. ಗೇಟು ತೆಗೆದು, ಕುಂಡದಲ್ಲಿ ಕೂರಿಸಿ, ನೀರು ಹಾಕಿ ಕರೆದುಕೊಂಡದ್ದು. ನಾನಾದರೂ ಸಾಲ ಮಾಡಿ ಕರೆದುಕೊಂಡೆ ನೋಡಿ, ಇಪ್ಪತ್ತು ವರ್ಷದ ಕಂತು.

ಹಾಗಂತ ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದು ಅನ್ನಲು ನಾಲಿಗೆ ಏಳುವುದಿಲ್ಲ. ನಾಲಿಗೆಯ ಮೇಲೆ ಬ್ಯಾಡಗಿ ಮೆಣಸಿನಕಾಯಿಯ ಖಾರ ಇದೆ. ಅದು ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ದಸರಾದ ಚೆಂಡು ಹೂವು ಮೆಕ್ಸಿಕೊದ್ದು. ಇನ್ನೂ ತಮಾಷೆ ಎಂದರೆ ಚೆಂಡು ಹೂವು, ಕಾಂಗ್ರೆಸ್ ಗಿಡ, ನಮ್ಮ ಅಂಗಳದ ಹಳದಿ ಹೂವು, ಅತ್ತೆಯ ಗರುಗ ಎಲ್ಲವೂ ಸೂರ್ಯಕಾಂತಿಯ ಬಳಗದವೇ. ಒಂದು ಮನೆಯ ಮಕ್ಕಳೆಲ್ಲ ಒಂದೇ ಥರ ಇರಬೇಕು ಅಂತ ಎಲ್ಲಿದೆ?

ಮಳೆ ನಿಂತ ಮೇಲೆ ಕೆಲಸ ನನ್ನದೇ ಆಯಿತು. ದಿನಾ ಬೆಳಿಗ್ಗೆ ಕಾಫಿ ಲೋಟ ಪಕ್ಕಕ್ಕಿಟ್ಟು ಒಂದು ಮೊರದಷ್ಟು ಜಾಗ. ಎಳೆಯಬಾರದು, ಎಳೆದರೆ ಗೆಣ್ಣು ಒಳಗೇ ಉಳಿಯುತ್ತದೆ. ಕಳೆಗುದ್ದಲಿಯಿಂದ ಮಣ್ಣು ಸಡಿಲಿಸಿ, ತಲೆಯಲ್ಲಿ ಸಿಕ್ಕು ಬಿಡಿಸಿದ ಹಾಗೆ ಬಿಡಿಸಬೇಕು. ಕಿತ್ತದ್ದನ್ನು ಖಾಲಿ ಸೈಟಿಗೆ ಹಾಕುವ ಹಾಗಿಲ್ಲ, ಗೊಬ್ಬರದ ಗುಂಡಿಗೂ ಇಲ್ಲ. ತಾರಸಿಯ ಕಾಂಕ್ರೀಟಿನ ಮೇಲೆ ಹರಡಿ, ಮುರಿದರೆ ಪಟ್ ಅನ್ನುವವರೆಗೆ ಒಣಗಿಸಬೇಕು. ಇದರಿಂದ ಶಿವರಾತ್ರಿ ಹೊತ್ತಿಗೆ ಮನೆಯಲ್ಲಿ ಸಣ್ಣ ಗಡಿ ತಂಟೆ ಶುರುವಾಯಿತು. ತಾರಸಿಯ ಬಿಸಿಲು ಬೀಳುವ ಅರ್ಧ ಅತ್ತೆಯ ಸಂಡಿಗೆಯದು. ಕೊನೆಗೆ ನಡುವೆ ಒಂದು ಹಳೇ ಸೀರೆ ಅಡ್ಡ ಹಾಸಿ ರಾಜಿಯಾಯಿತು. ಒಂದು ಸಂಜೆ ಅವರು ನನ್ನ ಕಡೆಯ ರಾಶಿಯಿಂದ ಒಂದು ಕಡ್ಡಿ ಎತ್ತಿ, ಮುರಿದು, ಕಿವಿಯ ಹತ್ತಿರ ಹಿಡಿದರು. "ಇನ್ನೂ ಎರಡು ಬಿಸಿಲು ಬೇಕು" ಅಂದರು, ಅದೂ ಒಂದು ಬಗೆಯ ಹಪ್ಪಳ ಅನ್ನುವ ಹಾಗೆ.

ಈಗ ಮುಕ್ಕಾಲು ಅಂಗಳ ಬರಿ ಮಣ್ಣು. ಒಂದು ದಾಸವಾಳ, ಕನಕಾಂಬರದ ನಾಲ್ಕು ಬುಡ. ಗೇಟಿನ ಬಳಿ ಮಾತ್ರ ಇನ್ನೂ ಮಾರಗಲ ಹಳದಿ ಉಳಿದಿದೆ. ಅದನ್ನು ಮುಗಿಸಲು ಕೈ ಬರುತ್ತಿಲ್ಲ, ಸುಳ್ಳು ಯಾಕೆ ಹೇಳಲಿ.

ಮೊನ್ನೆ ಎದುರು ಮನೆಗೆ ಹೊಸದಾಗಿ ಬಂದವರು ಗೇಟಿನ ಬಳಿ ನಿಂತರು. "ಎಷ್ಟು ಮುದ್ದಾಗಿದೆ ರೀ ಈ ಹೂವು! ಒಂದೇ ಒಂದು ಕಡ್ಡಿ ಕೊಡ್ತೀರಾ?" ಬಾಗಿಲಿಗೆ ಬಂದ ಹೆಂಗಸಿಗೆ ಗಿಡ ಇಲ್ಲ ಅನ್ನುವುದು ನಮ್ಮ ಮನೆಯಲ್ಲಿ ರೂಢಿಯಿಲ್ಲ. ನಾನು ತಡವರಿಸಿದೆ. ಕೊಟ್ಟರೆ ಪಾಪ, ಕೊಡದಿದ್ದರೆ ಜಿಪುಣಿ. ಅಷ್ಟರಲ್ಲಿ ಅತ್ತೆ ಒಳಗಿಂದ ಬಂದರು. "ಅದು ಬೇಡಮ್ಮ, ಕನಕಾಂಬರ ತಗೊಂಡೋಗಿ, ದೇವರಿಗೂ ಆಗುತ್ತೆ, ಮುಡಿಯೋಕೂ ಆಗುತ್ತೆ" ಅಂತ ಒಂದು ಬುಡವನ್ನು ಮಣ್ಣಿನ ಸಮೇತ ಎತ್ತಿ ಕವರಿಗೆ ಹಾಕಿದರು.

"ಒಂದು ನಿಮಿಷ ತಾಳಿ" ಎಂದೆ. ಕವರು ಇಸಿದುಕೊಂಡು ಮೆಟ್ಟಿಲ ಮೇಲೆ ಕೂತು ಮಣ್ಣಿನ ಹೆಂಟೆ ಪುಡಿ ಮಾಡತೊಡಗಿದೆ, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ. ಆಕೆ ನನ್ನ ಮುಖ, ಅತ್ತೆಯ ಮುಖ ನೋಡುತ್ತ ನಿಂತರು. ಮೊದಲ ಹಿಡಿಯಲ್ಲಿ ಏನೂ ಇರಲಿಲ್ಲ. ಎರಡನೆಯದರಲ್ಲಿ ಒಂದು ಗೆಣ್ಣು ಸಿಕ್ಕಿತು.