ಈ ಸಲ ದಕ್ಷಿಣ ಏಷ್ಯಾ ಎಲ್ಲಿದೆ?

2025ರಲ್ಲಿ ನಡೆಯಬೇಕಿದ್ದ, ದಕ್ಷಿಣ ಏಷ್ಯಾದ ದೇಶಗಳು ಆಡುವ ಸ್ಯಾಫ್ ಫುಟ್‌ಬಾಲ್ 2026ಕ್ಕೆ ಹೋಗಿದ್ದು ನಿಮಗೆ ಗೊತ್ತೇ ಇದೆ. ಹೋಗಲಿ ಬಿಡಿ, ನಮ್ಮ ದೇಶದಲ್ಲಿ ಮುಂದಕ್ಕೆ ಹೋಗದೆ ಉಳಿದಿದ್ದು ಏನಿದೆ? ಯಾವಾಗ ನಡೆಸುತ್ತಾರೆ, ಯಾರು ಗೆಲ್ಲುತ್ತಾರೆ ಅನ್ನುವ ಚಿಂತೆ ನನಗಿಲ್ಲ. ನನಗಿರುವ ಕುತೂಹಲ ಒಂದೇ. ಈ ಸಲ ದಕ್ಷಿಣ ಏಷ್ಯಾ ಎಲ್ಲಿದೆ?

ಹೋದ ಸಲ, ಅಂದರೆ 2023ರಲ್ಲಿ, ಅದು ನಮ್ಮ ಬೆಂಗಳೂರಿನಿಂದ ಶುರುವಾಗಿ ಮೆಡಿಟರೇನಿಯನ್ ಸಮುದ್ರದ ದಡದವರೆಗೆ ಹೋಗಿತ್ತು. ಶ್ರೀಲಂಕಾಕ್ಕೆ ಫಿಫಾ ನಿಷೇಧ. ಅಫ್ಘಾನಿಸ್ತಾನ ಎಷ್ಟೋ ವರ್ಷಗಳ ಹಿಂದೆಯೇ ಮನೆ ಖಾಲಿ ಮಾಡಿ ಮಧ್ಯ ಏಷ್ಯಾದವರ ಬೀದಿಗೆ ಹೋಗಿತ್ತು. ಎಲೆ ಹಾಕಿದ್ದು ಎಂಟು, ಕೂತವರು ಆರು. ಮದುವೆ ಮನೆಯಲ್ಲಿ ಪಂಕ್ತಿಯ ಕೊನೆಗೆ ಎರಡು ಎಲೆ ಖಾಲಿ ಉಳಿದರೆ ಏನು ಮಾಡುತ್ತಾರೆ? ಹೊರಗೆ ನಿಂತ ಡ್ರೈವರನ್ನೂ ವಿಡಿಯೋದವನನ್ನೂ ಕರೆತಂದು "ಕೂತ್ಕೊಳ್ಳಿ, ನೀವೂ ನಮ್ಮವರೇ" ಅನ್ನುತ್ತಾರೆ. ಹಾಗೆ ಬಂದು ಕೂತವು ಕುವೈತ್ ಮತ್ತು ಲೆಬನಾನ್.

ಕೂತವರು ಸುಮ್ನೆ ಉಂಡು ಎದ್ದರಾ? ಎರಡು ಗುಂಪಿನಲ್ಲೂ ಮೊದಲ ಸ್ಥಾನ ಈ ಇಬ್ಬರು ಅತಿಥಿಗಳದ್ದೇ. ಸೆಮಿಫೈನಲ್‌ನಲ್ಲಿ ಲೆಬನಾನನ್ನು, ಫೈನಲ್‌ನಲ್ಲಿ ಕುವೈತನ್ನು ನಾವು ಪೆನಾಲ್ಟಿಯಲ್ಲಿ ಸೋಲಿಸಿದೆವು. ಕಂಠೀರವ ಕುಣಿಯಿತು. ದಕ್ಷಿಣ ಏಷ್ಯಾದ ಚಾಂಪಿಯನ್ ಆಗಲು ಎರಡು ಅರಬ್ ದೇಶಗಳನ್ನು ಸೋಲಿಸಬೇಕಾಯಿತು ಅನ್ನುವುದು ಆ ರಾತ್ರಿ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ. ಗೆದ್ದಾಗ ಭೂಗೋಳ ಯಾರಿಗೆ ಬೇಕು?

ನಿಜ ಹೇಳಬೇಕೆಂದರೆ ಕುವೈತ್ ವಿಷಯದಲ್ಲಿ ಸಂಘಟಕರ ಪರವಾಗಿ ವಾದ ಮಾಡಲು ನಾನೇ ಸಿದ್ಧ. ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದು ರಸ್ತೆ ಬಂದಾದಾಗ ಮಂಗಳೂರಿನವರಿಗೆ ಬೆಂಗಳೂರಿಗಿಂತ ಕುವೈತೇ ಹತ್ತಿರ. ಉಡುಪಿ, ಕುಂದಾಪುರದ ಕಡೆ ಯಾವುದೇ ಮನೆಯ ಬಾಗಿಲು ತಟ್ಟಿ, ಒಳಗಿನಿಂದ ಒಬ್ಬ ಅಣ್ಣನೋ ಭಾವನೋ ಗಲ್ಫ್‌ನಲ್ಲಿ ಇದ್ದೇ ಇರುತ್ತಾನೆ. ನನ್ನ ಗೆಳೆಯನೊಬ್ಬ ಹದಿನೈದು ವರ್ಷದಿಂದ ಕುವೈತಿನಲ್ಲಿದ್ದಾನೆ, ಕುಂದಾಪುರದ ಕಡೆಯವನು. ಸ್ಯಾಫ್ ಸಮಯದಲ್ಲಿ ಫೋನ್ ಮಾಡಿದ್ದ. "ಎಂತ ಮಾರಾಯ, ನಾವೀಗ ಸೌತ್ ಏಷ್ಯಾ ಅಂತೆ? ಹಾಗಾದ್ರೆ ಊರಿಗೆ ಬರ್ಲಿಕ್ಕೆ ಟಿಕೆಟ್ ಕಮ್ಮಿ ಮಾಡ್ಲಿಕ್ಕೆ ಹೇಳು."

ಇನ್ನೂ ಬಲವಾದ ಸಾಕ್ಷಿ ಇದೆ. 1961ರಲ್ಲಿ ದಿನಾರ್ ಬರುವವರೆಗೆ ಕುವೈತಿನ ಅಂಗಡಿಗಳಲ್ಲಿ ಓಡುತ್ತಿದ್ದದ್ದು ರೂಪಾಯಿ. ಅದರಲ್ಲೂ ಕೊನೆಯ ಎರಡು ವರ್ಷ, ಗಲ್ಫ್‌ಗೆಂದೇ ಬೇರೆ ಬಣ್ಣದ ನೋಟನ್ನು ಹೊರಡಿಸಿ ಕಳಿಸುತ್ತಿದ್ದದ್ದು ನಮ್ಮ ರಿಸರ್ವ್ ಬ್ಯಾಂಕೇ. ಇದಕ್ಕಿಂತ ಹತ್ತಿರದ ಸಂಬಂಧ ಬೇಕಾ? ಲೆಬನಾನ್ ಬಗ್ಗೆ ಮಾತ್ರ ನನ್ನ ಹತ್ತಿರ ಯಾವ ವಾದವೂ ಇಲ್ಲ. ಅದನ್ನು ಸಂಘಟಕರೇ ನೋಡಿಕೊಳ್ಳಲಿ.

ಅಷ್ಟು ದೂರದವರು ಆರಾಮಾಗಿ ಬಂದಿಳಿದರು, ಪಕ್ಕದ ಪಾಕಿಸ್ತಾನದವರು ಮಾತ್ರ ವೀಸಾಕ್ಕೆ ಕಾದೂ ಕಾದೂ ಮಾರಿಷಸ್‌ನಿಂದ ಪಂದ್ಯದ ದಿನವೇ ಬಂದು ಮುಟ್ಟಿದರು. ಹೆಬ್ಬಾಳ ದಾಟಿ ಕಂಠೀರವ ತಲುಪಿದ್ದೇ ಅವರ ಅವತ್ತಿನ ದೊಡ್ಡ ಗೆಲುವು. ಸಂಜೆ ಮಳೆಯಲ್ಲಿ ಸುನಿಲ್ ಛೆಟ್ರಿ ಮೂರು ಗೋಲು ಹೊಡೆದರು, ನಾವು 4-0 ಗೆದ್ದೆವು. ನಿದ್ದೆಗಣ್ಣಿನವರನ್ನು ಸೋಲಿಸಿದ ಸಂಭ್ರಮದಲ್ಲಿ ನಾನೂ ನೆನೆದುಕೊಂಡು ಕೂಗಿದೆ. ಮರುದಿನ ಗಂಟಲು ಇರಲಿಲ್ಲ.

ಅವತ್ತು ಎಲ್ಲರಿಗಿಂತ ಚುರುಕಾಗಿದ್ದವರು ನಮ್ಮ ಆಗಿನ ಕೋಚ್ ಇಗೋರ್ ಸ್ಟಿಮಾಚ್. ಥ್ರೋ-ಇನ್ ಮಾಡಲು ನಿಂತಿದ್ದ ಪಾಕಿಸ್ತಾನದ ಆಟಗಾರನ ಕೈಯಿಂದ ಚೆಂಡು ತಟ್ಟಿ ಬೀಳಿಸಿ ರೆಡ್ ಕಾರ್ಡ್ ಪಡೆದರು. ಮುಂದಿನ ಪಂದ್ಯಕ್ಕೆ ನಿಷೇಧ. ಅದು ಮುಗಿದು ಕುವೈತ್ ಎದುರಿನ ಗುಂಪಿನ ಪಂದ್ಯಕ್ಕೆ ಮರಳಿದರು, ಇನ್ನೊಂದು ರೆಡ್ ಕಾರ್ಡ್. ಮತ್ತೆರಡು ಪಂದ್ಯಕ್ಕೆ ನಿಷೇಧ. ಅಂದರೆ ಐದು ಪಂದ್ಯಗಳಲ್ಲಿ ಒಂದರಲ್ಲೂ ಅವರು ಕೊನೆಯ ಸೀಟಿಯವರೆಗೆ ತಂಡದ ಬೆಂಚಿನಲ್ಲಿ ಕೂರಲಿಲ್ಲ. ತಂಡ ಕಪ್ ಗೆದ್ದಿತು! ಪುರೋಹಿತರನ್ನು ಎರಡು ಸಲ ಛತ್ರದಿಂದ ಆಚೆ ಹಾಕಿದ ಮೇಲೂ ಮುಹೂರ್ತಕ್ಕೆ ಸರಿಯಾಗಿ ತಾಳಿ ಬಿತ್ತು. ಕೋಚ್ ಅಂದರೆ ಹೀಗಿರಬೇಕು ನೋಡಿ, ದೂರದಿಂದಲೇ ಆಶೀರ್ವಾದ.

ಆಶೀರ್ವಾದ ಅಂದಾಗ ನೆನಪಾಯಿತು. ಇದಕ್ಕೂ ಒಂದು ವರ್ಷ ಮೊದಲು, 2022ರಲ್ಲಿ, ಏಷ್ಯನ್ ಕಪ್ ಅರ್ಹತಾ ಪಂದ್ಯಗಳಿಗೆ ಮುಂಚೆ ತಂಡದ ಹುರುಪು ಹೆಚ್ಚಿಸಲು ನಮ್ಮ ಫುಟ್‌ಬಾಲ್ ಒಕ್ಕೂಟದವರು ಜ್ಯೋತಿಷಿಗಳನ್ನು 16 ಲಕ್ಷ ರೂಪಾಯಿಗೆ ಗೊತ್ತು ಮಾಡಿದ್ದರು ಎಂದು ಪತ್ರಿಕೆಗಳಲ್ಲಿ ಬಂದಿತ್ತು. ತಂಡ ಅರ್ಹತೆ ಪಡೆದಿದ್ದೂ ನಿಜ, ಅದನ್ನು ಇಲ್ಲ ಅನ್ನಲಾಗದು. ಆದರೆ 2024ರ ಜನವರಿಯಲ್ಲಿ ಕತಾರ್‌ಗೆ ಹೋಗಿ ಮೂರು ಪಂದ್ಯ ಆಡಿದೆವು. ಮೂರೂ ಸೋಲು. ಹೊಡೆದ ಗೋಲು ಸೊನ್ನೆ. ಗ್ರಹಗಳಿಗೂ ವಾರಂಟಿ ಅಷ್ಟೇ ಇತ್ತೇನೋ.

ಈಗ ನಾವೇ ಖಾಲಿ ಎಲೆ ಹುಡುಕಿಕೊಂಡು ಹೋಗುವ ಕಾಲ. 2025ರಲ್ಲಿ ಮಧ್ಯ ಏಷ್ಯಾದವರ ನೇಷನ್ಸ್ ಕಪ್‌ಗೆ ಮಲೇಷ್ಯಾ ಬರಲ್ಲ ಅಂದಿತು. ಆ ಜಾಗಕ್ಕೆ ನಾವು ತಜಿಕಿಸ್ತಾನಕ್ಕೆ ಹೋಗಿ ಕೂತೆವು. ಅಲ್ಲಿ ಸಿಕ್ಕವರು ಯಾರು? ನಮ್ಮ ಬೀದಿ ಬಿಟ್ಟು ಹೋಗಿದ್ದ ಅಫ್ಘಾನಿಸ್ತಾನದವರು. ಇಬ್ಬರೂ ಗೋಲು ಹೊಡೆಯದೆ ಕುಶಲ ವಿಚಾರಿಸಿಕೊಂಡೆವು. ಕೊನೆಗೆ ಓಮನ್‌ನವರನ್ನು ಪೆನಾಲ್ಟಿಯಲ್ಲಿ ಸೋಲಿಸಿ ಮೂರನೇ ಸ್ಥಾನ ಪಡೆದೆವು. ಮಧ್ಯ ಏಷ್ಯಾದ ಮೂರನೇ ಸ್ಥಾನಕ್ಕೆ ಭಾರತ ಮತ್ತು ಓಮನ್ ನಡುವೆ ಪೈಪೋಟಿ. ಇದನ್ನು ಮಕ್ಕಳಿಗೆ ಹೇಳಿಕೊಡುವ ಭೂಗೋಳದ ಮೇಷ್ಟ್ರುಗಳ ಕಷ್ಟ ಆ ದೇವರಿಗೇ ಗೊತ್ತು.

ಎರಡು ತಿಂಗಳ ಮೇಲೆ ಢಾಕಾದಲ್ಲಿ ಬಾಂಗ್ಲಾದೇಶದ ಎದುರು 1-0 ಸೋಲು, 22 ವರ್ಷಗಳ ನಂತರ. ಅಷ್ಟರಲ್ಲಾಗಲೇ 2027ರ ಏಷ್ಯನ್ ಕಪ್ ಬಾಗಿಲು ಮುಚ್ಚಿತ್ತು. ಸ್ಯಾಫ್ ಗೆದ್ದಾಗ 99ರಲ್ಲಿದ್ದ ರ‍್ಯಾಂಕಿಂಗ್ 142ಕ್ಕೆ ಇಳಿಯಿತು.

ಇಲ್ಲಿಗೆ ನನ್ನ ತಮಾಷೆ ನಿಲ್ಲುತ್ತದೆ. ರ‍್ಯಾಂಕಿಂಗ್ ಹಾಳಾಗಲಿ. ಇಂಡಿಯನ್ ಸೂಪರ್ ಲೀಗ್ ನಡೆಸುವ ಒಪ್ಪಂದ ಮುಗಿಯುವ ದಿನ ಎಲ್ಲರಿಗೂ ಗೊತ್ತಿತ್ತು, ಆದರೂ ಅಷ್ಟು ದೊಡ್ಡ ಒಕ್ಕೂಟಕ್ಕೆ ಒಂದು ಲೀಗ್ ಸಮಯಕ್ಕೆ ಶುರು ಮಾಡಲು ಆಗಲಿಲ್ಲ. ಕ್ಲಬ್‌ಗಳಲ್ಲಿ ಕೆಲವು ಸಂಬಳ ನಿಲ್ಲಿಸಿದವು. ಆಟಗಾರನಿಗೆ ಸಿಗುವುದು ಹತ್ತು-ಹನ್ನೆರಡು ವರ್ಷದ ಕಾಲು. ಅದರಲ್ಲಿ ಅರ್ಧ ವರ್ಷ ತಿಂದು ಹಾಕಿದರು, ಕೇಳುವವರಿಲ್ಲ. 2026ರ ಜನವರಿಯಲ್ಲಿ ಛೆಟ್ರಿಯಂಥವರೇ ಕ್ಯಾಮೆರಾ ಮುಂದೆ ನಿಂತು, ನಮ್ಮ ಆಟ ಉಳಿಸಿ ಎಂದು ಫಿಫಾವನ್ನು ಕೇಳಿಕೊಳ್ಳಬೇಕಾಯಿತು. ದೇಶಕ್ಕಾಗಿ ಅಷ್ಟು ಗೋಲು ಹೊಡೆದ ಮನುಷ್ಯ. ಆ ವಿಡಿಯೋ ನೋಡಿ ನನಗೆ ನಗು ಬರಲಿಲ್ಲ, ನಾಚಿಕೆಯಾಯಿತು. ನಾಚಿಕೆ ಆಗಬೇಕಾದವರಿಗೆ ಆದಂತಿಲ್ಲ.

ಮೊನ್ನೆ ಕುವೈತಿನ ಗೆಳೆಯ ಮತ್ತೆ ಫೋನ್ ಮಾಡಿದ್ದ. ಮುಂದಿನ ಸ್ಯಾಫ್‌ಗೆ ಅವರನ್ನು ಕರೆಯುತ್ತಾರಾ ಎಂದು ಕೇಳಿದ. ಗೊತ್ತಿಲ್ಲ ಅಂದೆ. "ಎಲೆ ಖಾಲಿ ಉಂಟಾದ್ರೆ ಹೇಳು ಮಾರಾಯ. ನಮ್ಮ ರೂಮಿನ ಹುಡುಗ್ರೇ ಹನ್ನೊಂದು ಜನ ಇದ್ದೇವೆ. ಶುಕ್ರವಾರ ಮ್ಯಾಚ್ ಇಡ್ಲಿಕ್ಕೆ ಹೇಳು, ನಮಗೆ ರಜೆ."