ಓದು ತಡ ಆಯಿತು ಅಂತ ಲೆಕ್ಕವನ್ನೂ ಯಾಕೆ ನಿಲ್ಲಿಸ್ತೀರಿ?

ಒಂದು ಮಗು ಓದುವಾಗ ತಡವರಿಸಿದರೆ ನಮ್ಮ ಶಾಲೆಗಳಲ್ಲಿ ಅದಕ್ಕೆ ಗಣಿತವೂ ಹೋಯಿತು, ವಿಜ್ಞಾನವೂ ಹೋಯಿತು. ನನಗೆ ಸಿಟ್ಟು ಬರೋದು ಇಲ್ಲೇ.

ಸಂಜೆ ನನ್ನ ಹತ್ತಿರ ಪಾಠಕ್ಕೆ ಬರುವ ಐದನೇ ಕ್ಲಾಸಿನ ಒಬ್ಬ ಹುಡುಗ ಇದ್ದಾನೆ. "ಒಂದು ಬುಟ್ಟಿಯಲ್ಲಿ 48 ಮಾವಿನಹಣ್ಣುಗಳಿವೆ, 6 ಮಕ್ಕಳಿಗೆ ಸಮನಾಗಿ ಹಂಚಿದರೆ..." ಇಂಥ ಲೆಕ್ಕ ಕೊಟ್ಟರೆ, ಒಂದೊಂದೇ ಅಕ್ಷರ ಕೂಡಿಸಿಕೊಂಡು 'ಹಣ್ಣುಗಳಿವೆ' ತನಕ ಬರುವಷ್ಟರಲ್ಲಿ ಬುಟ್ಟಿ ಮರೆತೇಹೋಗಿರುತ್ತದೆ. ಅದನ್ನೇ ನಾನು ಓದಿ ಹೇಳಿದರೆ, ನನ್ನ ಮಾತು ಮುಗಿಯುವ ಮೊದಲೇ "ಎಂಟು" ಅಂತಾನೆ. ಅಂಕಪಟ್ಟಿಯಲ್ಲಿ ಮಾತ್ರ ಗಣಿತದಲ್ಲಿ ಹಿಂದೆ! ಅಲ್ಲಿ ನಡೆದದ್ದು ಗಣಿತದ ಪರೀಕ್ಷೆನೋ, ಓದಿನ ಪರೀಕ್ಷೆನೋ?

ಕನ್ನಡ ಸುಲಭ, ಬರೆದ ಹಾಗೇ ಓದುತ್ತೇವೆ ಅಂತ ಹೆಮ್ಮೆಪಡುತ್ತೇವಲ್ಲ, ಅದು ಕಲಿತು ಮುಗಿಸಿದವರ ಮಾತು. ವ, ಪ, ಷ, ಮ ಪಕ್ಕಪಕ್ಕ ಬರೆದು ನೋಡಿ. ಸಣ್ಣ ಗೀಟಿನ ವ್ಯತ್ಯಾಸ, ಅಷ್ಟೇ. 'ಸೂರ್ಯ' ಅನ್ನುವಾಗ ಬಾಯಲ್ಲಿ ರ ಮೊದಲು, ಯ ಆಮೇಲೆ. ಬರೆಯುವಾಗ ಯ ಮೊದಲು, ಅರ್ಕಾವತ್ತು ಆಮೇಲೆ. ಡಿಸ್ಲೆಕ್ಸಿಯಾ, ಅಂದರೆ ಓದು-ಬರಹದಲ್ಲೇ ತೊಡಕು, ಇರುವ ಮಗುವಿಗೆ ಇದು ಕೈಗೆ ಹತ್ತಲು ವರ್ಷಗಳೇ ಬೇಕಾಗಬಹುದು. ಬೇಕಾಗಲಿ ಬಿಡಿ. ಅಲ್ಲಿಯವರೆಗೆ ಭಾಗಾಕಾರ ಯಾಕೆ ಕಾಯಬೇಕು?

ಸಂಖ್ಯೆಯಲ್ಲೇ ತೊಡಕಿರುವ ಮಕ್ಕಳ ಕಥೆ ಬೇರೆ. ಒಂಬತ್ತು, ತೊಂಬತ್ತು, ಒಂಬೈನೂರು ಅವರಿಗೆ ಕಲಸಿಹೋಗಬಹುದು. ಅವರ ಕೈಲಿ ಸುಮ್ನೆ ಮಗ್ಗಿ ಉರು ಹೊಡೆಸಿ ಏನೂ ಆಗಲ್ಲ. ಕಡ್ಡಿಗಳನ್ನು ಹತ್ತತ್ತು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡಿಸಿ. 52ರಲ್ಲಿ 27 ಕಳೆಯಬೇಕಾದರೆ ಬಿಡಿ ಕಡ್ಡಿ ಎರಡೇ ಇವೆ, ಒಂದು ಕಟ್ಟು ಬಿಚ್ಚಲೇಬೇಕು. ಪಕ್ಕದಿಂದ ಹತ್ತು ತಗೊಳ್ಳೋದು ಅಂದರೇನು ಅಂತ ಆ ರಬ್ಬರ್ ಬ್ಯಾಂಡ್ ತೆಗೆಯುವಾಗ ಗೊತ್ತಾಗುತ್ತದೆ. ಇದೇನು ಹೊಸ ವಿದ್ಯೆಯಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿಯ (ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳಿಗೆ ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ) ತಿರುಳೇ ಮಗು ತನ್ನ ವೇಗದಲ್ಲಿ ಕಲಿಯಲಿ ಅನ್ನೋದು. ಆದರೆ ಮೂರನೇ ಕ್ಲಾಸ್ ದಾಟಿದರೆ ಮತ್ತೆ ಅದೇ ಬೋರ್ಡು, ಅದೇ ಕಾಪಿ ಮಾಡ್ಕೊಳ್ಳಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೆಸರಿಸುವ 21 ಬಗೆಯ ವೈಕಲ್ಯಗಳಲ್ಲಿ ಕಲಿಕಾ ನ್ಯೂನತೆಯೂ (ಓದು, ಬರಹ, ಲೆಕ್ಕದಲ್ಲಿನ ಇಂಥ ತೊಡಕು) ಇದೆ. ಬೇಗ ಗುರುತಿಸಿ, ತಕ್ಕ ಹಾಗೆ ಕಲಿಸಿ ಅಂತಲೂ ಅದರಲ್ಲಿದೆ. ನಾವು ಹಿಡಿದುಕೊಂಡಿರುವುದು ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಉತ್ತರ ಬರೆದುಕೊಡುವವರು, ಇಷ್ಟನ್ನೇ. ಅವು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹತ್ತು ವರ್ಷ ಸರಿಯಾಗಿ ಕಲಿಸದೆ ಕೊನೇ ದಿನ ಟೈಮ್ ಜಾಸ್ತಿ ಕೊಟ್ಟರೆ ಆ ಮಗು ಏನಂತ ಬರೆಯಬೇಕು?

"ನಾವೇ ಓದಿ ಹೇಳಿದರೆ ಅವನು ಓದೋದು ಯಾವಾಗ ಕಲೀತಾನೆ?" ಅಂತ ಮೇಷ್ಟ್ರುಗಳು ಕೇಳುತ್ತಾರೆ. ಕನ್ನಡ ಪೀರಿಯಡ್‌ನಲ್ಲಿ, ಸರ್. ನಿಧಾನಕ್ಕೆ, ದಿನಾ ಸ್ವಲ್ಪ ಸ್ವಲ್ಪ. ಗಣಿತದ ಪೀರಿಯಡ್‌ನಲ್ಲಿ ಗಣಿತ ನಡೆಯಲಿ. ಕ್ಲಾಸಲ್ಲಿ 40 ಮಕ್ಕಳಿದ್ದಾರೆ, ಒಬ್ಬೊಬ್ಬರಿಗೂ ಓದಿ ಹೇಳಕ್ಕಾಗಲ್ಲ ಅನ್ನೋದೂ ನಿಜವೇ, ಒಪ್ಪುತ್ತೇನೆ. ಹಾಗಾದರೆ ಪಕ್ಕದಲ್ಲಿ ಕೂತಿರುವ ಹುಡುಗಿ ಓದಿ ಹೇಳಲಿ, ಇವನು ಬಾಯಲ್ಲೇ ಉತ್ತರ ಹೇಳಲಿ, ನೀವು ಅದಕ್ಕೇ ಮಾರ್ಕ್ಸ್ ಹಾಕಿ. ಇದಕ್ಕೆ ಇಲಾಖೆಯಿಂದ ಸುತ್ತೋಲೆ ಬರಬೇಕಾ?