ಇಲ್ಲಿ ನಗಬೇಕು, 5 ಅಂಕ

ಕುವೆಂಪುನಗರದ ನಮ್ಮ ರಸ್ತೆಯ ಕೊನೆಯಲ್ಲಿ ಮೊದಲು ಹಿಟ್ಟಿನ ಗಿರಣಿ ಇತ್ತು. ಆಮೇಲೆ ಮೊಬೈಲ್ ರಿಪೇರಿ ಅಂಗಡಿ ಬಂತು. ಈಗ ಅಲ್ಲೊಂದು ಬೋರ್ಡು: ‘ನಗುತ್ತಾ ನಗುತ್ತಾ ಇಂಗ್ಲಿಷ್! ಸ್ಟ್ಯಾಂಡಪ್ ಕಾಮಿಡಿ ನೋಡಿ, ದಿನಬಳಕೆಯ ಪದ ಕಲಿಯಿರಿ. 30 ದಿನ, 300 ಪದ.’ ಒಳಗೆ ಹೋಗಿ ಫೀಸು ಕೇಳಿದೆ. ನಗು ಅಲ್ಲೇ ನಿಂತುಹೋಯಿತು.

ನಾನು ಸೇರಲಿಲ್ಲ, ಪಕ್ಕದ ಮನೆ ರಾಯರು ಸೇರಿದರು. ಸರ್ಕಾರಿ ಕಚೇರಿಯಲ್ಲಿ 34 ವರ್ಷ ‘ವಿತ್ ರೆಫರೆನ್ಸ್ ಟು ದಿ ಅಬೌವ್’ ಅಂತ ಬರೆದು ನಿವೃತ್ತರಾದವರು. ಅವರ ಇಂಗ್ಲಿಷಿಗೆ ಏನೂ ಕಡಿಮೆಯಿಲ್ಲ. ಆದರೆ ಅಮೆರಿಕದಲ್ಲಿರುವ ಮೊಮ್ಮಗ ಭಾನುವಾರ ಫೋನಿನಲ್ಲಿ ಏನೋ ಹೇಳಿ ಕಿಸಕ್ಕನೆ ನಗುತ್ತಾನೆ. ಇವರಿಗೆ ಯಾಕೆ ನಕ್ಕ ಅಂತ ಗೊತ್ತಾಗಲ್ಲ. ಅಷ್ಟಕ್ಕೇ ಸೇರಿದ್ದು.

ಅಲ್ಲಿನ ಪಾಠದ ಕ್ರಮ ಹೀಗೆ. ಮೇಷ್ಟ್ರು ಹತ್ತು ಸೆಕೆಂಡು ವಿಡಿಯೊ ಹಾಕುತ್ತಾರೆ, ನಿಲ್ಲಿಸುತ್ತಾರೆ, ಬೋರ್ಡಿನ ಮೇಲೆ ಪದ ಬರೆದು ಅರ್ಥ ಹೇಳುತ್ತಾರೆ. ಆಮೇಲೆ ‘ಇಲ್ಲಿ ನಗಬೇಕು’ ಅನ್ನುತ್ತಾರೆ. ಇಪ್ಪತ್ತೆರಡು ಜನ ಗಂಭೀರವಾಗಿ ನಗುತ್ತಾರೆ. ರಾಯರ ನೋಟ್‌ಬುಕ್ಕಿನಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದ ಮೂರು ಕಾಲಂ: ಪದ, ಅರ್ಥ, ನಗು. ಮೂರನೆಯದನ್ನು ಕೆಂಪು ಪೆನ್ನಿನಲ್ಲಿ ತುಂಬಿದ್ದಾರೆ. ‘ಜೋರು’, ‘ಸಾಧಾರಣ’, ‘ಮುಗುಳ್ನಗೆ ಸಾಕು’.

ಮೊದಲ ವಾರದ ದಿನಬಳಕೆಯ ಪದಗಳನ್ನು ನೋಡಿದೆ. ಆಕ್ವರ್ಡ್, ವಿಯರ್ಡ್, ಥೆರಪಿಸ್ಟ್, ಡಿವೋರ್ಸ್, ಡೇಟಿಂಗ್ ಆ್ಯಪ್, ಎಕ್ಸ್. ಯಾರ ದಿನ, ಯಾರ ಬಳಕೆ ಅಂತ ನಾನು ಕೇಳಲಿಲ್ಲ. ತಾಲೂಕು ಆಫೀಸಿನಲ್ಲಿ ಖಾತೆ ಬದಲಾವಣೆಗೆ ಅಲೆಯುವವನಿಗೆ, ಸಿಲಿಂಡರ್ ಬುಕ್ ಮಾಡಿ ಕಾಯುವವಳಿಗೆ ಬೇಕಾದ ಪದ ಒಂದೂ ಇರಲಿಲ್ಲ. ‘ಎಕ್ಸ್’ ಮಾತ್ರ ರಾಯರಿಗೆ ಥಟ್ಟನೆ ಹಿಡಿಸಿತ್ತು. ‘ನನ್ನ ಎಕ್ಸ್ ನಿನ್ನೆ ರಾತ್ರಿ ಫೋನ್ ಮಾಡಿದ್ದಳು’ ಅಂತ ಕಾಮಿಡಿಯನ್ ಹೇಳಿದಾಗ ಇವರು ಪಕ್ಕದವರ ಕಿವಿಯಲ್ಲಿ, ‘ಚುನಾವಣೆ ಹತ್ತಿರ ಬಂತಲ್ಲ, ಮಾಡ್ತಾರೆ ಬಿಡಿ’ ಅಂದರಂತೆ. ನಮ್ಮ ಕಡೆ ಎಕ್ಸ್ ಅಂದರೆ ಎಕ್ಸ್ ಎಮ್ಮೆಲ್ಲೆ, ಅಲ್ವಾ? ಮಂಡ್ಯದಲ್ಲಂತೂ ಬೀದಿಗೊಬ್ಬರು.

ಮಂಡ್ಯ ಅಂದಾಗ ನೆನಪಾಯಿತು. ನನ್ನ ಭಾವಮೈದ ಅಲ್ಲಿಂದ ರೈಲಿನಲ್ಲಿ ಬಂದು ಇದೇ ಕ್ಲಾಸಿಗೆ ಹೋಗುತ್ತಾನೆ. ಸ್ಟ್ಯಾಂಡಪ್‌ನವರ ಮಾತಿನಲ್ಲಿ ಜನ ಬಿದ್ದು ಬಿದ್ದು ನಕ್ಕರೆ ‘ಕಿಲ್’, ಒಬ್ಬರೂ ನಗದಿದ್ದರೆ ‘ಡೈ’. ಕ್ಲಾಸಿನಲ್ಲಿ ಇವನ ಜೋಕಿಗೆ ಯಾರೂ ನಗಲಿಲ್ಲ. ವಾಪಸ್ ಹೋಗುವಾಗ ರೈಲಿನಿಂದ ಮನೆಯವರ ವಾಟ್ಸಾಪ್ ಗ್ರೂಪಿಗೆ ‘ಐ ಡೈಡ್ ಟುಡೇ’ ಅಂತ ಹಾಕಿದ. ಹನ್ನೊಂದು ಜನ ಕೈಮುಗಿದರು. ಇಬ್ಬರು ‘ಓಂ ಶಾಂತಿ’ ಬರೆದರು. ದೊಡ್ಡಮ್ಮ ಒಬ್ಬರೇ, ‘ಎಷ್ಟೊತ್ತಿಗೆ ಎತ್ತುತ್ತಾರೆ?’ ಅಂತ ಕೇಳಿದರು. ‘ಕಳಿಸಿದ್ದು ನಾನೇ ಕಣ್ ದೊಡ್ಡಮ್ಮ’ ಅಂತ ಅವನು ಬರೆದ. ಅದಕ್ಕೂ ಒಬ್ಬರು ಕೈಮುಗಿದರು.

ಬಾಂಬಿನ ಕತೆ ಇನ್ನೂ ಚೆನ್ನಾಗಿದೆ. ಸೋಮವಾರ ಅಮೆರಿಕದವನ ವಿಡಿಯೊ. ಅವನ ಕಡೆ ಶೋ ‘ಬಾಂಬ್’ ಆಯಿತು ಅಂದರೆ ನೆಲಕಚ್ಚಿತು ಅಂತ. ಮಂಗಳವಾರ ಇಂಗ್ಲೆಂಡಿನವನದು. ಅಲ್ಲಿ ‘ವೆಂಟ್ ಡೌನ್ ಎ ಬಾಂಬ್’ ಅಂದರೆ ಭರ್ಜರಿಯಾಗಿ ಗೆದ್ದಿತು ಅಂತ. ರಾಯರು ಎದ್ದು ನಿಂತು, ‘ಸರ್, ಹಾಗಾದ್ರೆ ಬಾಂಬ್ ಅಂದ್ರೆ ಪಾಸೋ ಫೇಲೋ?’ ಅಂದರು. ಮೇಷ್ಟ್ರು ಒಂದು ಕ್ಷಣ ಯೋಚಿಸಿ, ‘ಎದುರಿಗೆ ಯಾರಿದ್ದಾರೆ ನೋಡ್ಕೊಂಡು ಹೇಳ್ಬೇಕು ಸರ್’ ಅಂದರು. ನಿಜ ಹೇಳಬೇಕೆಂದರೆ ಇಡೀ ಕೋರ್ಸಿನಲ್ಲಿ ಫೀಸಿಗೆ ತಕ್ಕ ಮಾತು ಅದೊಂದೇ.

ನಗಿಸಿ ಇಂಗ್ಲಿಷ್ ಆಡಿಸುವುದು ನಮಗೇನೂ ಹೊಸದಲ್ಲ. ಕೈಲಾಸಂ ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದು, ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಆಡುವ ಪಾತ್ರಗಳನ್ನು ನಾಟಕಕ್ಕೆ ತಂದರು. ಅವರು ತೀರಿಕೊಂಡದ್ದು 1946ರಲ್ಲಿ. ಎಲ್ಲಿ ನಗಬೇಕು ಅಂತ ಜನಕ್ಕೆ ಇವತ್ತಿಗೂ ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿ ನಗು ಬರುವುದೇ ಸುಮ್ನೆ ಇಂಗ್ಲಿಷ್ ಕೊಚ್ಚುವವರನ್ನು ನೋಡಿ. ಇನ್ನು ನಮ್ಮ ಬಡಾವಣೆಗೆ ಯಾರ ಹೆಸರಿದೆಯೋ ಅವರೂ ಮೊದಲು ಇಂಗ್ಲಿಷಿನಲ್ಲೇ ಕವಿತೆ ಬರೆಯುತ್ತಿದ್ದರು. ನಿಮ್ಮ ಭಾಷೆಯಲ್ಲಿ ಬರೆಯಿರಿ ಅಂತ ಅವರಿಗೆ ಹೇಳಿದ್ದು ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್. ಆ ಪುಣ್ಯಾತ್ಮ ಈಗ ಬಂದಿದ್ದರೆ ಈ ಕ್ಲಾಸಿನವರು ಶಾಲು ಹೊದಿಸಿ, ‘ಸರ್, ಆ ವಿಷಯ ಒಂದು ಬಿಟ್ಟು ಏನು ಬೇಕಾದ್ರೂ ಮಾತಾಡಿ’ ಅನ್ನುತ್ತಿದ್ದರು.

ಇಪ್ಪತ್ತೊಂದನೇ ದಿನ ವ್ಯಂಗ್ಯದ ಪಾಠ. ‘ಯಾ, ರೈಟ್’ ಅಂತ ಎಳೆದು ಹೇಳಿದರೆ ಅದು ಹೌದು ಅಲ್ಲ, ‘ಸಾಕು ಬಿಡಪ್ಪ ನಿನ್ನ ಬುರುಡೆ’ ಅಂತ. ರಾಯರು ಅದನ್ನು ಬಚ್ಚಲಲ್ಲಿ ನಾಲ್ಕು ದಿನ ಅಭ್ಯಾಸ ಮಾಡಿದರು. ನಮ್ಮ ಮನೆಗೂ ಕೇಳಿಸುತ್ತಿತ್ತು.

ಭಾನುವಾರ ಮೊಮ್ಮಗ ಫೋನ್ ಮಾಡಿದ. ತಾತ, ನಾನು ಒಬ್ಬನೇ ಎರಡು ಪಿಜ್ಜಾ ತಿಂದೆ ಅಂತ ಇಂಗ್ಲಿಷಿನಲ್ಲಿ ಬುರುಡೆ ಬಿಟ್ಟ. ಇದೇ ಸಮಯ. ಆದರೆ 34 ವರ್ಷ ಸಿಟಿ ಬಸ್ಸಿನಲ್ಲಿ ಓಡಾಡಿದ ಗಂಟಲು, ಮೇಷ್ಟ್ರ ಮಾತು ಕೇಳುತ್ತದೆಯೇ? ‘ರೈಟ್... ರೈಟ್!’ ಅಂತ ಅಪ್ಪಟ ಕಂಡಕ್ಟರ್ ದನಿ ಬಂದುಬಿಟ್ಟಿತು. ಗಾಬರಿಯಿಂದ ಸರಿಮಾಡಲು ಹೋಗಿ ‘ಹೋಲ್ಡಾನ್, ಹೋಲ್ಡಾನ್!’ ಅಂದರು.

ಆ ಕಡೆ ಹುಡುಗ ಹೊಟ್ಟೆ ಹಿಡಿದುಕೊಂಡು ನಕ್ಕ. ಇನ್ನೊಂದು ಸಲ ಹೇಳು ತಾತ ಅಂದ. ಅವರಮ್ಮನನ್ನು ಕರೆದು ಕೇಳಿಸಿದ. ಬಸ್ಸು ಹೊರಡುವುದು, ನಿಲ್ಲುವುದು, ಯಾರೋ ಚಿಲ್ಲರೆಗೆ ಜಗಳ ಆಡುವುದು ಎಲ್ಲವನ್ನೂ ರಾಯರು ಮಾಡಿ ತೋರಿಸಿದರು. ಕರೆ ಮುಗಿದಾಗ ಮುಕ್ಕಾಲು ಗಂಟೆ ಆಗಿತ್ತು.

ಕೋರ್ಸಿನ ಕೊನೆಗೆ ಪರೀಕ್ಷೆ. ಒಂದು ಜೋಕು ಕೊಟ್ಟು, ‘ಇಲ್ಲಿ ಯಾಕೆ ನಗಬೇಕು? ಸಕಾರಣವಾಗಿ ವಿವರಿಸಿ. 5 ಅಂಕ’ ಅಂತ ಕೇಳಿದ್ದರು. ರಾಯರು ‘ನಗು ಬರಲಿಲ್ಲ’ ಅಂತ ಬರೆದು ಬಂದರು. ಪದದಲ್ಲಿ ಪಾಸು, ನಗುವಿನಲ್ಲಿ ಫೇಲು. ಮುಂದಿನ ತಿಂಗಳು ಸಪ್ಲಿಮೆಂಟರಿ ಇದೆಯಂತೆ, ಫೀಸು ಬೇರೆ.